ರೇಂಜ್ ಮಾವನ ಕಿಟಕಿ

ನಮ್ಮ ಬೀದಿಯ ಫೋಟೋ ಸ್ಟುಡಿಯೋದವರಿಗೆ ಹುಡುಗರಿಟ್ಟ ಹೆಸರು ರೇಂಜ್ ಮಾವ. ಕ್ಯಾಮೆರಾ ಎಂದರೆ ಅವರಿಗೆ ಡೈನಾಮಿಕ್ ರೇಂಜ್ ಒಂದೇ. ಅಂದರೆ ಉರಿಬಿಸಿಲನ್ನೂ ಕಡುನೆರಳನ್ನೂ ಒಂದೇ ಚಿತ್ರದಲ್ಲಿ ಹಿಡಿಯುವ ತಾಕತ್ತು. ಹೊಸ ಕ್ಯಾಮೆರಾ ಬಂದ ದಿನ ಹೆಂಡತಿಯ ಕೈಗೆ ಕರಿ ಕೊಡೆ ಕೊಟ್ಟು, ಒಣಹಾಕಿದ ಬಿಳಿ ಬೆಡ್‌ಶೀಟಿನ ಪಕ್ಕ ನಿಲ್ಲಿಸುತ್ತಾರೆ. ಕೊಡೆಯ ಮಡಿಕೆಯೂ ಬೆಡ್‌ಶೀಟಿನ ನೂಲೂ ಕಾಣಬೇಕು. ಹೆಂಡತಿ ಕಣ್ಣು ಮುಚ್ಚಿದ್ದರೂ ಪರವಾಗಿಲ್ಲ. ಮದುವೆಯ ಗುಂಪುಚಿತ್ರಕ್ಕೆ ನಿಂತ ಬೀಗರನ್ನು, ಸೂರ್ಯನಿಗೆ ಮೋಡ ಅಡ್ಡ ಬರುವ ತನಕ ಕದಲಗೊಡುವುದಿಲ್ಲ. "ರೀ, ಮೋಡ ಚೆನ್ನಾಗಿ ಬಂದಿದೆ, ನಾನೇ ಇದ್ದಿಲಾಗಿದ್ದೀನಿ" ಎಂದು ಹೆಂಡತಿ ತನ್ನ ಚಿತ್ರ ನೋಡಿ ರೇಗಿದರೆ, "ನೆರಳಲ್ಲಿರೋದನ್ನ ಆಮೇಲೆ ಕಂಪ್ಯೂಟರಲ್ಲಿ ಬೆಳಗಿಸಬಹುದು ಕಣೇ. ಬೆಳಕು ಹೆಚ್ಚಾಗಿ ಬಿಳಿ ಸುಟ್ಟುಹೋಯ್ತೋ, ದೇವರೇ ಬಂದ್ರೂ ವಾಪಸ್ ಬರಲ್ಲ" ಎನ್ನುತ್ತಾರೆ. ಇಂಥವರ ಮೇಜಿನ ಮೇಲೆ, ಅವರ ಮೊದಲ ಅಗ್ಗದ ಡಿಜಿಟಲ್ ಕ್ಯಾಮೆರಾದಲ್ಲಿ ತೆಗೆದ ಚಿತ್ರವೊಂದಿದೆ. ಕಿಟಕಿಯ ಪಕ್ಕ ಕೂತು ಅವರಮ್ಮ ಬಾಯ್ತುಂಬ ನಗುತ್ತಿದ್ದಾರೆ. ಕಿಟಕಿ ಮಾತ್ರ ಸುಣ್ಣ ಬಳಿದಷ್ಟು ಬಿಳಿ. "ಕಿಟಕಿ ಪೂರ್ತಿ ಸುಟ್ಟುಹೋಗಿದೆಯಲ್ಲ ಮಾವ?" ಎಂದು ಒಮ್ಮೆ ಕೇಳಿದೆ. ಅವರು ಅಂಗಿಯ ತುದಿಯಿಂದ ಚಿತ್ರದ ಗಾಜು ಒರೆಸಿದರು. "ಹೋಗ್ಲಿ ಬಿಡು. ಕಿಟಕಿ ಇನ್ನೂ ಮನೇಲೇ ಇದೆ, ಅದರ ಫೋಟೋ ಯಾವಾಗ ಬೇಕಾದ್ರೂ ತೆಗೀಬಹುದು."