ಸೀಟಿನ ಮೇಲಿನ ಎರಡು ಬಿಳಿ ಗುರುತು

ಬೆಳಗಿನ ಜಾವ ನಾಲ್ಕೂ ಮುಕ್ಕಾಲು. ಬೇಕರಿಯ ಹಿಂಬಾಗಿಲಿನ ಮುಂದೆ, ಬೀದಿದೀಪದ ಕೆಳಗೆ, ನಲವತ್ತೇಳು ವರ್ಷದ ಮಹಿಳೆಯೊಬ್ಬರು ಮಂಡಿಯೂರಿ ಕೂತು ಸೈಕಲ್ಲಿನ ಸೀಟಿಗೆ ಕರಿ ಬಟ್ಟೆ ಬಿಗಿಯುತ್ತಿದ್ದಾರೆ. ಬಿಗಿದಾದ ಮೇಲೆ ಕೈಚೀಲದಿಂದ ಪುಟ್ಟ ಡಬ್ಬಿ ತೆಗೆದು, ದರ್ಜಿಗಳು ಬಟ್ಟೆಗೆ ಗೆರೆ ಎಳೆಯುವ ಚಾಕಿನ ಪುಡಿಯನ್ನು ಅದರ ಮೇಲೆ ಉದುರಿಸುತ್ತಾರೆ. ಬೇಕರಿ ಮಾಲೀಕ ಬಾಗಿಲಿಗೆ ಒರಗಿ, ಇದೆಲ್ಲಿ ಬಂತಪ್ಪ ಗ್ರಹಚಾರ ಎಂಬ ಮುಖ ಹೊತ್ತು ನೋಡುತ್ತಿದ್ದಾರೆ.

“ಹತ್ತೇ ಈಗ. ಎರಡೂ ಚೀಲ ಹ್ಯಾಂಡಲ್ಲಿಗೆ ಹಾಕ್ಕೊಂಡೇ ಹತ್ತು. ದಿನಾ ಹೇಗೆ ಹೋಗ್ತೀಯೋ ಹಾಗೇ. ನಂಗೋಸ್ಕರ ನೆಟ್ಟಗೆ ಕೂರ್ಬೇಡ,” ಎನ್ನುತ್ತಾರೆ ಆ ಮಹಿಳೆ.

ಹತ್ತಬೇಕಾದವರು ಮನೆಮನೆಗೆ ಬ್ರೆಡ್ಡು ಹಾಕುವ ಹೆಂಗಸು. ಹದಿನಾಲ್ಕು ಕಿಲೋಮೀಟರಿನ ಸುತ್ತಿನಲ್ಲಿರುವ ಮನೆಯವರೆಲ್ಲ ಅವರನ್ನು ಬ್ರೆಡ್ಡಮ್ಮ ಎಂದೇ ಕರೆಯುತ್ತಾರೆ. ಬ್ರೆಡ್ಡಮ್ಮ ಹಲ್ಲು ಕಚ್ಚಿಕೊಂಡು ಸೀಟಿನ ಮೇಲೆ ಕೂತು, ಬೀದಿಯ ಆ ತುದಿ ಮುಟ್ಟಿ ವಾಪಸು ಬರುತ್ತಾರೆ. ಇಳಿಯುವಾಗ ಅವರ ಕಣ್ಣಲ್ಲಿ ನೀರು. ಎರಡು ವಾರದಿಂದ ಅವರು ಸೈಕಲ್ ತುಳಿದದ್ದಕ್ಕಿಂತ ತಳ್ಳಿಕೊಂಡು ನಡೆದದ್ದೇ ಹೆಚ್ಚು. ತೊಡೆಸಂದಿಯ ಗಾಯ ಮಾಯುವುದು, ಮತ್ತೆ ತುಳಿದರೆ ಕೆರಳುವುದು, ಇದೇ ಆಗಿದೆ. ತಳ್ಳಿಕೊಂಡು ಹೋದರೆ ಏಳೂಕಾಲಿಗೆ ಮುಗಿಯಬೇಕಾದ ಸುತ್ತು ಒಂಬತ್ತಾದರೂ ಮುಗಿಯುವುದಿಲ್ಲ, ಅಷ್ಟು ಹೊತ್ತಿಗೆ ಬ್ರೆಡ್ಡು ಯಾರಿಗೆ ಬೇಕು? ಶನಿವಾರದೊಳಗೆ ಮೊದಲಿನ ಹಾಗೆ ಬಂದರೆ ಸರಿ, ಇಲ್ಲವಾದರೆ ಸೋಮವಾರದಿಂದ ಸುತ್ತನ್ನು ಮೊಪೆಡ್ ಇರುವ ಬೇರೆಯವರಿಗೆ ಕೊಡುತ್ತೇನೆ ಎಂದು ಮಾಲೀಕರು ಖಡಾಖಂಡಿತ ಹೇಳಿಬಿಟ್ಟಿದ್ದಾರೆ. ಇವತ್ತು ಶುಕ್ರವಾರ.

ಮಂಡಿಯೂರಿದ್ದ ಮಹಿಳೆ ಕರಿ ಬಟ್ಟೆ ಬಿಚ್ಚಿ, ಒಮ್ಮೆ ಜಾಡಿಸಿ, ದೀಪಕ್ಕೆ ಹಿಡಿಯುತ್ತಾರೆ. ಬಿಡಿ ಪುಡಿಯೆಲ್ಲ ಉದುರಿಹೋಗಿ, ಮೈಭಾರ ಬಿದ್ದ ಕಡೆ ಮಾತ್ರ ಎರಡು ಬಿಳಿ ಗುರುತು ಉಳಿದಿದೆ. ಅದನ್ನು ನೋಡುತ್ತಲೇ ಅವರು ತಮ್ಮ ಹಣೆಗೆ ತಾವೇ ಬಡಿದುಕೊಳ್ಳುತ್ತಾರೆ.

“ಥೂ, ನನ್ನ ಬುದ್ಧಿಗಿಷ್ಟು! ತಪ್ಪು ನಂದೇ ಕಣೇ.”

ಹೀಗೆ ನಡುಬೀದಿಯಲ್ಲಿ ತಪ್ಪು ಒಪ್ಪಿಕೊಳ್ಳುತ್ತಿರುವವರು ಹೆಂಗಸರ ಸೈಕಲ್ ಚಡ್ಡಿ ಹೊಲಿಯುವ ದರ್ಜಿ. ಬೀದಿಯವರು ಗೇಲಿ ಮಾಡಲೆಂದು ಇಟ್ಟ ಹೆಸರು ಚಡ್ಡಿ ಅಕ್ಕ. ಹಿಂದಿನಿಂದ ಕಿಸಕ್ಕನೆ ನಕ್ಕು ಹೇಳುತ್ತಿದ್ದ ಆ ಹೆಸರನ್ನೇ ಇವರು ದಪ್ಪಕ್ಷರದಲ್ಲಿ ಬೋರ್ಡಿನ ಮೇಲೆ ಬರೆಸಿ ಮನೆ ಮುಂದೆ ತಗುಲಿಹಾಕಿದ್ದಾರೆ. “ನಕ್ಕವರ ಹೆಂಡ್ತೀರೇ ಈಗ ಅಳತೆ ಕೊಡೋಕೆ ಬರ್ತಾರೆ. ಹಿಂಬಾಗಿಲಿಂದ ಬರ್ತೀವಿ ಅಕ್ಕ ಅಂದ್ರು. ನಮ್ಮನೆಗೆ ಹಿಂಬಾಗಿಲೇ ಇಲ್ಲ, ಬೋರ್ಡ್ ಕೆಳಗಿಂದಾನೇ ಬನ್ನಿ ಅಂದೆ,” ಎಂದು ನಗುತ್ತಾರೆ.

ಹನ್ನೊಂದು ವರ್ಷ ಚಡ್ಡಿ ಅಕ್ಕ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿದ್ದರು. ಹಡಗು ಹತ್ತಿ ಹೋಗುವ ಸೈಕಲ್ ಚಡ್ಡಿಗಳಿಗೆ ಒಳಗಿನ ಮೆತ್ತೆಯ ಪ್ಯಾಡು ಕೂರಿಸಿ ಹೊಲಿಯುವುದು ಅವರ ಕೆಲಸ. ದಿನಕ್ಕೆ ಇನ್ನೂರ ನಲವತ್ತು ಪ್ಯಾಡು. ಮನೆಯಿಂದ ಫ್ಯಾಕ್ಟರಿಗೆ ಒಂಬತ್ತು ಕಿಲೋಮೀಟರು, ಹೋಗುವುದೂ ಬರುವುದೂ ಸೈಕಲ್ಲಿನ ಮೇಲೆ. ಇಡೀ ದಿನ ಕಂಡೋರ ಸುಖಕ್ಕೆ ಪ್ಯಾಡು ಹೊಲಿದು, ಸಂಜೆ ತಾವು ಮಾತ್ರ ಗಟ್ಟಿ ಸೀಟಿನ ಮೇಲೆ ಉರಿಯನ್ನು ನುಂಗಿಕೊಂಡು ಮನೆ ಸೇರುತ್ತಿದ್ದರು.

ಒಂದು ದಿನ ಹೆಂಗಸರ ಚಡ್ಡಿಯ ಆರ್ಡರು ಬಂತು. ಅಕ್ಕ ಆಸೆಯಿಂದ ಕೈಗೆತ್ತಿಕೊಂಡು ನೋಡಿದರೆ ಅದು ಗಂಡಸರ ಚಡ್ಡಿಯೇ. ಒಂದು ಸೈಜು ಚಿಕ್ಕದು ಮಾಡಿ, ಸೊಂಟದ ಪಟ್ಟಿಗೆ ಗುಲಾಬಿ ಬಣ್ಣ ಕೊಟ್ಟಿದ್ದರು. ಪ್ಯಾಡು ಹಿಂದೆ ಅಗಲ ಇರಬೇಕಾದಲ್ಲಿ ಸಪೂರ, ಮುಂದೆ ಬೇಡದಷ್ಟು ಉದ್ದ, ಸಾಲದ್ದಕ್ಕೆ ನಟ್ಟನಡುವೆ ಹಗ್ಗದಂಥ ದಪ್ಪ ಹೊಲಿಗೆ. ಸೂಪರ್‌ವೈಸರ್ ಹತ್ತಿರ ಹೋಗಿ, ಸಾರ್, ಇದು ಹೆಂಗಸರಿಗೆ ಆಗಲ್ಲ ಎಂದರು. ಅವರು ತಲೆಯೆತ್ತಲೂ ಇಲ್ಲ. ಹೆಂಗಸರು ಅಷ್ಟು ದೂರ ಎಲ್ಲಮ್ಮಾ ಸೈಕಲ್ ಹೊಡೀತಾರೆ, ನೀನು ಹೊಲಿ ಹೋಗು ಎಂದುಬಿಟ್ಟರು.

“ಅವ್ರು ಕೂತಿದ್ದ ಕಿಟಕಿಯಿಂದ ಹೊರಗೆ ನೋಡಿದ್ರೆ ಸೈಕಲ್ ಶೆಡ್ಡು,” ಎನ್ನುತ್ತಾರೆ ಅಕ್ಕ. ಈಗಲೂ ಅದನ್ನು ಹೇಳುವಾಗ ಅವರ ಮೂಗಿನ ತುದಿ ಕೆಂಪಾಗುತ್ತದೆ. “ಊಟದ ಹೊತ್ತಲ್ಲಿ ಹೋಗಿ ಎಣಿಸ್ದೆ. ಎಪ್ಪತ್ತಮೂರು ಲೇಡೀಸ್ ಸೈಕಲ್ಲು. ಎಲ್ಲಾ ಅವರ ಕೈಕೆಳಗೆ ಕೆಲಸ ಮಾಡೋರದ್ದೇ.”

ಅವತ್ತೇ ಅವರು ರಿಜೆಕ್ಟಾದ ಮಾಲಿನ ರಾಶಿಯಿಂದ ಮೂರು ಚಡ್ಡಿ ಕೊಂಡು ಮನೆಗೆ ತಂದು, ಹೊಲಿಗೆಯನ್ನೆಲ್ಲ ಬಿಚ್ಚಿ ಹಾಕಿದರು. ಮತ್ತೆ ಕತ್ತರಿಸಿ ಹೊಲಿದದ್ದನ್ನು ತಾವೇ ತೊಟ್ಟು ಫ್ಯಾಕ್ಟರಿಗೆ ಹೋಗಿ ಬಂದು ನೋಡುತ್ತಿದ್ದರು. ಒಂದು ಜಾರಿತು, ಒಂದು ಕಚ್ಚಿತು, ಒಂದಂತೂ ಟಾರ್ಪಾಲಿನ ಹಾಗೆ ಸದ್ದು ಮಾಡಿತು. ಹದಿನಾಲ್ಕನೆಯ ಸಲ ಬಿಚ್ಚಿ ಹೊಲಿದದ್ದು ಕೂಡಿಬಂತು. ಪಕ್ಕದ ಮಷೀನಿನವಳು ಕೇಳಿದಳು, ಅವಳ ಪಕ್ಕದವಳು ಕೇಳಿದಳು, ಸುದ್ದಿ ಆಫೀಸಿಗೂ ಮುಟ್ಟಿತು. ಚಡ್ಡಿ ಬೇಕೋ, ಕೆಲಸ ಬೇಕೋ ಎಂದು ಕೇಳಿದಾಗ ಅಕ್ಕ ಊಟದ ಡಬ್ಬಿ ಮತ್ತು ತಮ್ಮ ಕತ್ತರಿ ಎತ್ತಿಕೊಂಡು ಹೊರಗೆ ಬಂದರು. ಇದಾಗಿ ಆರು ವರ್ಷ.

ಅಂಗಡಿ ಎಂದರೆ ಮನೆಯ ಮುಂದಿನ ಕೋಣೆ. ಎರಡು ಮಷೀನು, ಕತ್ತರಿಸುವ ಮೇಜು, ಕಿಟಕಿಗೆ ದಪ್ಪ ಪರದೆ. ನಡುವೆ ಮುಂದಿನ ಚಕ್ರವೇ ಇಲ್ಲದ ಒಂದು ಸೈಕಲ್ಲು. ಗೇಟು ವೆಲ್ಡಿಂಗ್ ಮಾಡುವ ಅಕ್ಕನ ಗಂಡ ಅದಕ್ಕೆ ಕಬ್ಬಿಣದ ಸ್ಟ್ಯಾಂಡು ಮಾಡಿಕೊಟ್ಟಿದ್ದಾರೆ. ಬಂದವರು ಪುಡಿ ಉದುರಿಸಿದ ಕರಿ ಬಟ್ಟೆ ಬಿಗಿದ ಅದರ ಸೀಟಿನ ಮೇಲೆ ಕೂತು ಪೆಡಲು ತುಳಿಯಬೇಕು, ಆಮೇಲೆಯೇ ಅಳತೆ. ನಿಲ್ಲಿಸಿ ಅಳತೆ ತೆಗೆಯುವ ದರ್ಜಿಗಳನ್ನು ಕಂಡರೆ ಅಕ್ಕನಿಗೆ ಸಿಡಿಮಿಡಿ. ಸೈಕಲ್ ಮೇಲೆ ಯಾರಾದ್ರೂ ನಿಂತ್ಕೊಂಡು ಹೋಗ್ತಾರಾ ಎಂಬುದು ಅವರ ಪ್ರಶ್ನೆ.

ಒಂದೊಂದು ಚಡ್ಡಿಗೆ ಹದಿನೇಳು ಅಳತೆ, ಒಂಬತ್ತು ತುಂಡು ಬಟ್ಟೆ. ದಿನಕ್ಕೆ ಎರಡು ಆದರೆ ಹೆಚ್ಚು, ಮೂರು ಆದರೆ ಅವತ್ತು ಕತ್ತು ಹಿಡಿದುಕೊಂಡಿತು ಎಂದೇ ಲೆಕ್ಕ. ಪ್ರತಿಯೊಬ್ಬರ ಬಿಳಿ ಗುರುತನ್ನೂ ಖಾಕಿ ಕಾಗದದ ಮೇಲೆ ಇಳಿಸಿ, ನಂಬರು ಹಾಕಿ, ಹಗ್ಗದಲ್ಲಿ ಪೋಣಿಸಿ ಇಟ್ಟಿದ್ದಾರೆ. ನಾನೂರ ಹನ್ನೆರಡು ಕಾಗದ. ನರ್ಸುಗಳಿದ್ದಾರೆ, ಕಾಲೇಜಿನವರಿದ್ದಾರೆ, ಅಂಚೆ ಹಂಚುವವರೊಬ್ಬರಿದ್ದಾರೆ, ಅರವತ್ತರ ನಂತರ ಸೈಕಲ್ ಕಲಿತ ಹೆಡ್‌ಮಿಸ್ಟ್ರೆಸ್ಸೂ ಇದ್ದಾರೆ. ಒಬ್ಬರ ಗುರುತು ಇನ್ನೊಬ್ಬರಿಗೆ ಹೊಂದಿದ್ದು ಇವತ್ತಿನವರೆಗೂ ಕಂಡಿಲ್ಲವಂತೆ.

ಗುರುತು ಇಳಿಸುವ ಕೆಲಸ ಅತ್ತೆಯದು. ಮೊದಮೊದಲು ಈ ಅತ್ತೆ, ಕಂಡೋರು ಕೂತ ಜಾಗದ ನಕ್ಷೆ ತೆಗೆಯೋ ಗತಿ ಬಂತಲ್ಲಪ್ಪಾ ನಮ್ಮನೆಗೆ ಎಂದು ಮೂರು ದಿನ ಸೊಸೆಯ ಜೊತೆ ಮಾತು ಬಿಟ್ಟಿದ್ದರು. ಈಗ ಕನ್ನಡಕ ಮೂಗಿಗೇರಿಸಿ, “ಸರಿಯಾಗಿ ಕೂತ್ಕೊಳಮ್ಮಾ. ಇಲ್ಲಿ ನಾಚ್ಕೊಂಡ್ರೆ ಆಮೇಲೆ ರಸ್ತೇಲಿ ಅಳ್ಬೇಕಾಗುತ್ತೆ,” ಎಂದು ಬಂದವರನ್ನೆಲ್ಲ ಗದರುತ್ತಾರೆ.

ಹೋದ ತಿಂಗಳು ಅದೇ ಹಳೆಯ ಸೂಪರ್‌ವೈಸರ್ ಬೋರ್ಡಿನ ಕೆಳಗಿಂದಲೇ ಒಳಗೆ ಬಂದರು. ಹೆಂಗಸರ ಮಾಲು ವಾಪಸು ಬರುತ್ತಿದೆಯಂತೆ. ಆ ನಾನೂರ ಹನ್ನೆರಡು ಕಾಗದ ಕೊಟ್ಟರೆ ಎಲ್ಲ ಸೇರಿಸಿ ನಾಲ್ಕು ಸೈಜು ಮಾಡುತ್ತೇವೆ, ನಿನಗೂ ಒಳ್ಳೆ ಹುದ್ದೆ ಕೊಡುತ್ತೇವೆ ಎಂದರು. ಅಕ್ಕ ಟೀ ಕೊಟ್ಟು, ಸ್ಟ್ಯಾಂಡಿನ ಸೈಕಲ್ ತೋರಿಸಿದರು.

“ಸಾರ್, ನಿಮ್ಮ ಫ್ಯಾಕ್ಟರೀದೇ ಹೆಂಗಸರ ಚಡ್ಡಿ ಒಂದು ಇಟ್ಟಿದೀನಿ. ಹಾಕ್ಕೊಂಡು ಒಂದು ಗಂಟೆ ಇದನ್ನ ತುಳೀರಿ. ಆಮೇಲೆ ನಾಲ್ಕು ಸೈಜಿನ ಮಾತಾಡೋಣ ಅಂದೆ. ಟೀ ಅರ್ಧಕ್ಕೇ ಬಿಟ್ಟು ಎದ್ದೋದ್ರು.”

ಎಷ್ಟು ಧೈರ್ಯವಾಗಿ ಮಾತಾಡಿದರೂ ಬ್ರೆಡ್ಡಮ್ಮನ ವಿಷಯದಲ್ಲಿ ಅಕ್ಕನ ಕೈ ಸೋತಿದ್ದು ನಿಜ. ಸ್ಟ್ಯಾಂಡಿನ ಮೇಲೆ ಕೂರಿಸಿ, ಹದಿನೇಳು ಅಳತೆ ತೆಗೆದು ಹೊಲಿದ ಚಡ್ಡಿ ಎರಡೇ ದಿನಕ್ಕೆ ಗಾಯ ಮಾಡಿತು. ಬಿಚ್ಚಿ ಮತ್ತೆ ಹೊಲಿದರೂ ಅದೇ ಹಾಡು. ಸೈಕಲ್ ಬಿಟ್ಟುಬಿಡಿ ಎಂದು ಡಾಕ್ಟರು ಬರೆದುಕೊಟ್ಟರು, ಬಿಟ್ಟರೆ ಹೊಟ್ಟೆಗೇನು ಎಂದು ಬರೆದುಕೊಡಲಿಲ್ಲ. “ನಾಲ್ಕು ರಾತ್ರಿ ನಿದ್ದೆ ಬರಲಿಲ್ಲ ನಂಗೆ,” ಎನ್ನುತ್ತಾರೆ ಅಕ್ಕ. “ಫ್ಯಾಕ್ಟರಿಯವರಿಗೆ ಅಷ್ಟೆಲ್ಲ ಅಂದೆ. ಈಗ ನನ್ನ ಚಡ್ಡಿಯಿಂದಾನೇ ಒಬ್ಬಳ ಕೆಲಸ ಹೋದ್ರೆ ಅವರಿಗೂ ನಂಗೂ ಏನು ವ್ಯತ್ಯಾಸ?”

ಆ ಪ್ರಶ್ನೆಯೇ ಅವರನ್ನು ಇವತ್ತು ಕತ್ತಲಲ್ಲೇ ಎಬ್ಬಿಸಿ ಬೇಕರಿಯ ಹಿಂದಕ್ಕೆ ಕರೆತಂದದ್ದು. ಗಾಯ ಯಾಕೆ ಎಂಬುದಕ್ಕೆ ಉತ್ತರ ಕರಿ ಬಟ್ಟೆಯ ಮೇಲಿದೆ. ಅಂಗಡಿಯಲ್ಲಿ ಬ್ರೆಡ್ಡಮ್ಮ ಬರಿಗೈಯಲ್ಲಿ ಕೂತಿದ್ದರು, ಆಗ ಎರಡು ಗುರುತೂ ಹಿಂದೆ, ಅಕ್ಕಪಕ್ಕ, ಒಂದೇ ಸಮ ಬಿದ್ದಿದ್ದವು. ಇಲ್ಲಿ ಹ್ಯಾಂಡಲ್ಲಿಗೆ ಎರಡು ಚೀಲ ಬಿದ್ದ ಮೇಲೆ ಮೈಯೆಲ್ಲ ಮುಂದಕ್ಕೆ ಬಾಗಿದೆ. ಬನ್ನು ತುಂಬಿದ ಎಡಗಡೆಯ ಚೀಲ ಹೆಚ್ಚು ಭಾರ, ಹಾಗಾಗಿ ಎಡಗಡೆಯ ಗುರುತು ಬಲಗಡೆಯದಕ್ಕಿಂತ ಎರಡು ಬೆರಳು ಮುಂದಿದೆ. ಸರಿಯಾಗಿ ಹೊಲಿಗೆ ಬರುವ ಜಾಗಕ್ಕೇ ಭಾರ ಬಿದ್ದಿದೆ. ನಾನೂರ ಹನ್ನೆರಡು ಜನರ ಅಳತೆ ತೆಗೆದವರು, ಹೆಂಗಸರು ಹೊರೆ ಹೊತ್ತೇ ಸೈಕಲ್ ತುಳಿಯುತ್ತಾರೆ ಎಂಬುದನ್ನು ಮರೆತಿದ್ದರು.

“ನಾನೇ ಊಟದ ಡಬ್ಬಿ, ತರಕಾರಿ ಚೀಲ ಅಂತ ಹನ್ನೊಂದು ವರ್ಷ ನೇತಾಕ್ಕೊಂಡು ತುಳಿದೋಳು! ಹೊಳೀಲೇ ಇಲ್ವಲ್ಲ,” ಎಂದು ದಾರಿಯುದ್ದಕ್ಕೂ ತಮ್ಮನ್ನು ತಾವೇ ಬೈದುಕೊಳ್ಳುತ್ತಾ ಮನೆಗೆ ಬರುತ್ತಾರೆ. ಬಂದವರು ನೀರೂ ಕುಡಿಯದೆ ಕತ್ತರಿ ಹಿಡಿಯುತ್ತಾರೆ. ಅತ್ತೆ ಹೊಸ ಖಾಕಿ ಕಾಗದ ಹಾಸಿ ಗುರುತು ಇಳಿಸುತ್ತಾರೆ. ಎಡ ಬಲ ಒಂದೇ ಥರ ಇಲ್ಲದ ಪ್ಯಾಡನ್ನು ಅಕ್ಕ ಕತ್ತರಿಸುತ್ತಿರುವುದು ಇದೇ ಮೊದಲು. ನೋಡಿದವರಿಗೆ ಕತ್ತರಿ ತಪ್ಪಿತೇನೋ ಅನ್ನಿಸಬೇಕು, ಹಾಗಿದೆ. ನಡುವಿನ ಹೊಲಿಗೆ ತೆಗೆದುಹಾಕಿ, ತೊಡೆಯ ಹೊಲಿಗೆಯನ್ನು ಹೊರಕ್ಕೆ ಸರಿಸುತ್ತಾರೆ. ಸಂಜೆ ಆರಕ್ಕೆ ದಾರ ಕಡಿದು, ಚಡ್ಡಿಯನ್ನು ಒಳಮಗ್ಗುಲು ಹೊರಗೆ ಮಾಡಿ, ಕಣ್ಣು ಮುಚ್ಚಿ ಅಂಗೈಯಿಂದ ಸವರಿ ನೋಡುತ್ತಾರೆ. ಎಲ್ಲೂ ಹೊಲಿಗೆ ಕೈಗೆ ತಗಲುವುದಿಲ್ಲ.

ಶನಿವಾರ. ಬ್ರೆಡ್ಡಮ್ಮ ಹೊಸ ಚಡ್ಡಿ ತೊಟ್ಟು ಐದಕ್ಕೆ ಹೊರಟಿದ್ದಾರೆ, ಏಳೂಕಾಲಿಗೆ ಬರಬೇಕು. ಚಡ್ಡಿ ಅಕ್ಕ ಬೋರ್ಡಿನ ಕೆಳಗೆ ನಿಂತಿದ್ದಾರೆ. ಏಳೂವರೆ ಆಗುತ್ತದೆ, ಸುಳಿವಿಲ್ಲ. ಏಳೂ ಮುಕ್ಕಾಲು. “ತಳ್ಕೊಂಡು ಬರ್ತಿದಾಳೆ ಅನ್ಸುತ್ತೆ ಅತ್ತೆ,” ಎನ್ನುತ್ತಾರೆ ಅಕ್ಕ. “ಸುಮ್ನಿರೇ, ಬಾಯಿಬಿಟ್ಟು ಅನ್ಬೇಡ,” ಎಂದು ಅತ್ತೆ ಒಳಗಿಂದಲೇ ಗದರುತ್ತಾರೆ.

ಎಂಟಕ್ಕೆ ಬೀದಿಯ ತಿರುವಿನಲ್ಲಿ ಗಂಟೆ ಬಾರಿಸಿಕೊಂಡು ಸೈಕಲ್ಲು ಕಾಣಿಸುತ್ತದೆ. ಬ್ರೆಡ್ಡಮ್ಮ ಸೀಟಿನ ಮೇಲೇ ಇದ್ದಾರೆ. ಚೀಲ ಎರಡೂ ಖಾಲಿ.

“ಯಾಕೇ ಇಷ್ಟೊತ್ತು? ನೋವಾಯ್ತಾ? ಇಳಿದು ತಳ್ಕೊಂಡು ಬಂದ್ಯಾ?”

“ಇಲ್ಲ ಅಕ್ಕ. ಸುತ್ತು ಏಳಕ್ಕೇ ಮುಗೀತು. ಮಾಲೀಕರಿಗೆ ಮುಖ ತೋರಿಸಿ, ಸೋಮವಾರಾನೂ ನಾನೇ ಬರೋದು ಅಂತ ಹೇಳಿದೆ. ಆಮೇಲೆ...” ಬ್ರೆಡ್ಡಮ್ಮ ತಪ್ಪು ಮಾಡಿದವರ ಹಾಗೆ ನಾಲಿಗೆ ಕಚ್ಚಿಕೊಳ್ಳುತ್ತಾರೆ. “ಆಮೇಲೆ ಸೇತುವೆವರೆಗೂ ಹೋಗಿ ಬಂದೆ.”

“ಸೇತುವೆಗಾ? ಅಲ್ಲೇನು ಕೆಲಸ?”

“ಕೆಲಸ ಏನಿಲ್ಲ ಅಕ್ಕ. ಸುಮ್ನೆ.”

ಚಡ್ಡಿ ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಾರೆ. ಒಳಗೆ ಅತ್ತೆ ಹೊಸ ಕಾಗದದ ಮೇಲೆ ನಾನೂರ ಹದಿಮೂರು ಎಂದು ನಂಬರು ಹಾಕಿ ಹಗ್ಗಕ್ಕೆ ಪೋಣಿಸುತ್ತಿದ್ದಾರೆ. ನಿಮ್ಮದೇನಾದರೂ ಆಸೆ ಇದೆಯೇ ಎಂದು, ಪತ್ರಿಕೆಯವರು ಕೇಳಲೇಬೇಕಾದ ಪ್ರಶ್ನೆಯನ್ನು ನಾವೂ ಕೇಳಿದಾಗ, ಅಕ್ಕ ಮೂಗೊರೆಸಿಕೊಂಡು, ಸೆರಗು ಸರಿಮಾಡಿಕೊಂಡು, ಎಂದಿನ ಜೋರು ದನಿಗೆ ಮರಳುತ್ತಾರೆ.

“ಆಸೆ ಏನಿಲ್ಲ. ಹೆಂಗಸರು ಅಷ್ಟು ದೂರ ಎಲ್ಲಿ ಸೈಕಲ್ ಹೊಡೀತಾರೆ ಅಂದಿದ್ರಲ್ಲ, ಇವಳು ಹದಿನಾಲ್ಕು ಕಿಲೋಮೀಟರ್ ಹೊಡೆದು, ಸಾಲದು ಅಂತ ಸುಮ್ನೆ ಸೇತುವೆಗೂ ಹೋಗಿ ಬಂದ್ಲು ಅಂತ ಬರ್ಕೊಳ್ಳಿ. ಆ ‘ಸುಮ್ನೆ’ ಅನ್ನೋದನ್ನ ಮಾತ್ರ ಬಿಡಬೇಡಿ. ಫ್ಯಾಕ್ಟರಿಯವರೂ ಪೇಪರ್ ಓದ್ತಾರೆ.”