ಇನ್ನೊಬ್ಬಳ ಅಣ್ಣ

ಮೊನ್ನೆ ಹುರುಳಿಕಾಯಿ ಹೆಚ್ಚುವಾಗ ಈಳಿಗೆಮಣೆಗೆ ಬೆರಳು ಕೊಟ್ಟೆ. ಅಣ್ಣ ಓಡಿ ಬಂದು ಟಿಂಚರ್ ಹಚ್ಚಿದ. ಆ ವಾಸನೆ ಬಂದರೆ ನನಗೆ ಗಾಯಕ್ಕಿಂತ ಒಳಗೆ ಹೆಚ್ಚು ಉರಿಯುತ್ತದೆ.

ಅಣ್ಣ ಸೈನ್ಯದ ಆಸ್ಪತ್ರೆಯಲ್ಲಿ ಪಟ್ಟಿ ಕಟ್ಟುತ್ತಿದ್ದವನು. ಯುದ್ಧದ ಕಾಲದಲ್ಲಿ ಕೊರಿಯಾಕ್ಕೂ ಹೋಗಿದ್ದ. ಅವನು ಹಿಂದಿರುಗಿದ ಮೇಲೆ ಅಲ್ಲಿಂದ ಯಾರೋ ಹುಡುಗಿಯ ಕಾಗದಗಳು ಬರತೊಡಗಿದವು. ಆಗ ನಮ್ಮ ಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಪೋಸ್ಟಿನವನು ಎರಡು ಬೀದಿ ಆಚೆಯಿಂದಲೇ ಕಾಣುತ್ತಿದ್ದ.

“ಏನಂತ ಬರೆದಿದಾಳೆ?” ಎಂದೆ ಒಂದು ದಿನ.

“ಯಾರ ಕೈಲೋ ಇಂಗ್ಲಿಷಲ್ಲಿ ಬರೆಸಿದಾಳೆ. ‘ಒಪ್ಪಾ’ ಅಂತ ಶುರು. ಅಂದ್ರೆ ಅಣ್ಣ. ಹುಡುಗೀರು ಒಪ್ಪಾ ಅಂತಾರೆ, ತಮ್ಮ ಆದ್ರೆ ಹ್ಯಂಗ್ ಅಂತಾನೆ. ದೊಡ್ಡೋರನ್ನ ಬರೀ ಹೆಸರಲ್ಲಿ ಕರೆಯಲ್ಲ.”

“ಅವಳೇನು ನಿನ್ನ ಒಡಹುಟ್ಟಿದೋಳಾ?”

ಅಮ್ಮ ನಕ್ಕಳು. “ಸೊಪ್ಪಿನವನ್ನ ನೀನು ಅಣ್ಣಾ ಅನ್ನಲ್ವೇನೆ? ಅವನೇನು ನಿನ್ನ ಒಡಹುಟ್ಟಿದೋನಾ?”

ಸೊಪ್ಪಿನವನು ಕಾಗದ ಬರೆಯುವುದಿಲ್ಲವಲ್ಲ! ನನ್ನ ಓದು ನಾಲ್ಕನೇ ಕ್ಲಾಸಿಗೇ ನಿಂತಿತ್ತು. ಅನುಮಾನಕ್ಕೆ ಅಷ್ಟು ಧಾರಾಳವಾಗಿ ಸಾಕು. ಅಣ್ಣ ಕಾಗದವನ್ನು ಟ್ರಂಕಿನಲ್ಲಿಟ್ಟರೂ ಅನುಮಾನ, ಮೇಜಿನ ಮೇಲೆ ಬಿಟ್ಟರೂ ಅನುಮಾನ. ಕೇಳಿದರೆ ಸುಳ್ಳು ಹೇಳುತ್ತಾನೆಂದು ಮತ್ತೆ ಕೇಳಲಿಲ್ಲ. ನಿಜ ಹೇಳಲೇ? ಮನೆಯಲ್ಲಿ ನಾವಿಬ್ಬರೇ ಮಕ್ಕಳು. ನಾನೊಬ್ಬಳೇ ಕರೆಯುತ್ತಿದ್ದ ಕರೆಯನ್ನು ಇನ್ನೊಬ್ಬಳು ಕರೆಯುವುದು ನನ್ನಿಂದ ಸಹಿಸಲಾಗಲಿಲ್ಲ.

ಅದೇ ವರ್ಷ ಅಣ್ಣ ಬಿಳೇಕಹಳ್ಳಿಯ ಹುಡುಗಿಯೊಬ್ಬಳನ್ನು ನೋಡಿ ಮೆಚ್ಚಿ ಬಂದ. ಅವರ ಕಡೆಯವರು ಮನೆ ನೋಡಲು ಬಂದರು. ಹುಡುಗಿಯ ಸೋದರತ್ತೆ ಮೆಲ್ಲಗೆ ಅಡುಗೆಮನೆಗೆ ಬಂದು, “ನಿಮ್ಮಣ್ಣ ಹೆಂಗಮ್ಮ? ನೀನಾದ್ರೆ ನಿಜ ಹೇಳ್ತೀಯ” ಎಂದರು.

“ಕೊರಿಯಾದಲ್ಲಿ ಒಬ್ಬಳಿದಾಳೆ. ಕಾಗದ ಬರ್ತಿರುತ್ತೆ” ಎಂದೆ.

ಅವಳು ಅಣ್ಣ ಎಂದು ಕರೆಯುತ್ತಾಳೆ ಎಂಬುದನ್ನು ನುಂಗಿಕೊಂಡೆ. ನಿಮಗೆ ಗೊತ್ತಲ್ಲ, ನಮ್ಮಲ್ಲಿ ಒಬ್ಬಳು ಒಬ್ಬನನ್ನು ಅಣ್ಣ ಎಂದ ಮೇಲೆ ಮದುವೆಯ ಮಾತು ಅಲ್ಲಿಗೇ ಮುಗಿಯಿತು. ಅಷ್ಟು ಹೇಳಿದ್ದರೆ ಆಕೆ ನಕ್ಕುಬಿಡುತ್ತಿದ್ದರು.

ಉಪ್ಪಿಟ್ಟು ತಿಂದು ಹೋದವರಿಂದ ಉತ್ತರ ಬರಲಿಲ್ಲ. ಸಮುದ್ರ ದಾಟಿದವನೆಂದು ಬೇಡವೆಂದರೇನೋ ಅಂದುಕೊಂಡ ಅಣ್ಣ. ಆಮೇಲೆ ಇನ್ನೊಂದು ಹೆಣ್ಣು ನೋಡಲು ಹೋಗಲೇ ಇಲ್ಲ.

ಮೊನ್ನೆ ಅವನು ಬೆರಳಿಗೆ ಪಟ್ಟಿ ಸುತ್ತುತ್ತಿದ್ದಾಗ ಎಲ್ಲವನ್ನೂ ಹೇಳಿಬಿಟ್ಟೆ. ಅವನ ಕೈ ನಿಂತಿತು.

“ಅಲ್ಲಿ ಹೊಸಬ್ರು ಸಿಕ್ರೆ ಮೊದ್ಲು ವಯಸ್ಸು ಕೇಳ್ತಾರೆ ಕಣೇ. ಏನಂತ ಕರೀಬೇಕು ಅನ್ನೋದು ಆಮೇಲೆ. ನೀನೂ ಒಂದು ಸಲ ಕೇಳ್ಬಾರ್ದಿತ್ತಾ?”

“ಎಷ್ಟಿತ್ತು ಅವಳಿಗೆ?”

“ಏಳು. ಕೈ ಸುಟ್ಕೊಂಡು ನಮ್ಮ ಆಸ್ಪತ್ರೆಗೆ ಬಂದಿತ್ತು ಮಗು.”

ಪಟ್ಟಿಯ ತುದಿಗೆ ಗಂಟು ಹಾಕಿ, ಎದ್ದು ಹೊರಗೆ ಜಗಲಿಯ ಮೇಲೆ ಕುಳಿತ. ಸಂಜೆ ಕಾಫಿ ಹಿಡಿದು ಅವನ ಬೆನ್ನ ಹಿಂದೆ ನಿಂತೆ. ಅಣ್ಣಾ ಎಂದು ಕರೆಯಲು ಬಾಯಿ ಬರಲಿಲ್ಲ. ಅವನೇ ತಿರುಗಲಿ ಎಂದು ಕಾದೆ.