ಸೂರ್ಯ ಮುಳುಗುವ ಮೊದಲಿನ ಇಂಜೆಕ್ಷನ್

ನಮ್ಮ ಮನೆಗೆ ಹೊಸ ತಿಂಡಿ ಏನೇ ಬರಲಿ, ಅತ್ತೆಯ ಮೊದಲ ಪ್ರಶ್ನೆ ಒಂದೇ: "ಇದರಲ್ಲಿ ಏನೆಲ್ಲ ಉಂಟು?" ಮೂಡುಬಿದಿರೆಯ ಬೇಕರಿಯವರಿಗೆ, ಮದುವೆಮನೆಯಲ್ಲಿ ಐಸ್‌ಕ್ರೀಮ್ ಹಂಚುವವರಿಗೆ, ಮೆಡಿಕಲ್ಲಿನವರಿಗೆ, ಯಾರಿಗೂ ಇದರಿಂದ ವಿನಾಯಿತಿ ಇಲ್ಲ. ಜೈನರ ಮನೆಗಳಲ್ಲಿ ಇದೇನೂ ಹೊಸತಲ್ಲ, ಆದರೆ ನಮ್ಮ ಅತ್ತೆಯದ್ದು ಒಂದು ಕೈ ಹೆಚ್ಚೇ. ಪುತ್ತಿಗೆಯ ಈ ಮನೆಗೆ ಸೊಸೆಯಾಗಿ ಬಂದಂದಿನಿಂದ ಆ ಪ್ರಶ್ನೆಗೆ ಉತ್ತರ ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಒಮ್ಮೊಮ್ಮೆ ಸಿಟ್ಟು ಬಂದು, "ವಿಷ ಉಂಟು, ತಿನ್ನಿ" ಎಂದದ್ದೂ ಇದೆ. ಅವರು ನಕ್ಕು, ಪೊಟ್ಟಣವನ್ನು ತಿರುಗಿಸಿ ಹಸಿರು ಚುಕ್ಕೆ ಹುಡುಕುತ್ತಿದ್ದರು.

ಕಳೆದ ವರ್ಷ ದೀಪಾವಳಿ ಕಳೆದ ಮೇಲೆ ಅವರು ಬಚ್ಚಲಿನಲ್ಲಿ ಜಾರಿದರು. ಪಾದದ ಗಂಟಿನ ಮೂಳೆ ಬಿರುಕು ಬಿಟ್ಟು ಪ್ಲಾಸ್ಟರ್ ಹಾಕಿಸಬೇಕಾಯಿತು. ಮನೆಯಿಡೀ ಓಡಾಡಿಕೊಂಡಿದ್ದವರು ಮಂಚ ಹಿಡಿದರು. ಪ್ಲಾಸ್ಟರ್ ಬಿಚ್ಚಿದ ಕೆಲವೇ ದಿನಗಳಲ್ಲಿ ಅದೇ ಕಾಲಿನ ಮೀನಖಂಡ ಊದಿ ಕೆಂಪಾಯಿತು. ನಾನು ಎಣ್ಣೆ ಬಿಸಿ ಮಾಡಿ ತಿಕ್ಕಲು ಕೂತೆ. ನೋವಿಗೆ ಅವರು ಮುಟ್ಟಲೇ ಬಿಡಲಿಲ್ಲ. ಬಿಡದಿದ್ದದ್ದು ಎಷ್ಟು ಒಳ್ಳೆಯದಾಯಿತೆಂದು ಮರುದಿನ ಬೆಳಿಗ್ಗೆ ಆಸ್ಪತ್ರೆಯಲ್ಲಿ ಗೊತ್ತಾಯಿತು. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿತ್ತು. ತಿಕ್ಕಿದರೆ ಅದು ಕಿತ್ತುಬರಬಹುದು, ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಅಪಾಯ ಎಂದು ಡಾಕ್ಟರು ಹೇಳಿದರು. ಹೆಪ್ಪು ಬೆಳೆಯದಂತೆ ರಕ್ತವನ್ನು ತೆಳುವಾಗಿಸುವ ಇಂಜೆಕ್ಷನ್ ದಿನಕ್ಕೆರಡು ಬಾರಿ ಹೊಟ್ಟೆಗೆ ಕೊಡಬೇಕು. ಅದಕ್ಕೆ ಮಾತ್ರೆಗಳೂ ಇವೆಯಂತೆ, ಆದರೆ ಅತ್ತೆ ಫಿಟ್ಸಿಗೆಂದು ಹಲವು ವರ್ಷಗಳಿಂದ ನುಂಗುತ್ತಿರುವ ಮಾತ್ರೆಗೂ ಅವಕ್ಕೂ ಆಗಿಬರುವುದಿಲ್ಲ. ಆ ಗಡಿಬಿಡಿಯಲ್ಲಿ ಮೊದಲ ಇಂಜೆಕ್ಷನ್ ಕೊಟ್ಟೇಬಿಟ್ಟರು. ಅತ್ತೆಗೆ ಪ್ರಶ್ನೆ ಕೇಳಲು ಪುರುಸೊತ್ತೇ ಸಿಗಲಿಲ್ಲ.

ಸಂಜೆಯ ಹೊತ್ತಿಗೆ ನೋವು ಸ್ವಲ್ಪ ಇಳಿದು ಅವರು ದಿಂಬಿಗೆ ಒರಗಿ ಕೂತಿದ್ದರು. ಎರಡನೆಯ ಇಂಜೆಕ್ಷನ್ ಹಿಡಿದುಕೊಂಡು ನರ್ಸ್ ಬಂದರು, ಜೊತೆಗೆ ಡಾಕ್ಟರು. ಡಾಕ್ಟರೆಂದರೆ ನನ್ನ ಮಗಳ ಪ್ರಾಯದ ಹೆಣ್ಣುಮಗಳು. ಅತ್ತೆ ಕನ್ನಡಕ ಏರಿಸಿಕೊಂಡು ಆ ಸಣ್ಣ ಸಿರಿಂಜನ್ನು ನೋಡಿದರು.

"ಡಾಕ್ಟ್ರೇ, ಇದರಲ್ಲಿ ಏನುಂಟು?"

ಏನುಂಟೆಂದು ನನಗೂ ಗೊತ್ತಿರಲಿಲ್ಲ. ಆದರೆ ಡಾಕ್ಟರು ಒಂದು ಕ್ಷಣ ತಡೆದದ್ದು ಕಂಡು, ಅತ್ತೆಗೆ ಆಗದ್ದೇನೋ ಇದರಲ್ಲಿ ಉಂಟೆಂದು ತಿಳಿದೆ. ಮಂಚದ ಹಿಂದೆ ನಿಂತು, ಹೇಳಬೇಡಿ ಎಂದು ಕೈ ಆಡಿಸಿದೆ. ಅವರು ನನ್ನನ್ನು ನೋಡಿದರು. ಆಮೇಲೆ ಅತ್ತೆಯ ಪಕ್ಕದ ಸ್ಟೂಲಿನಲ್ಲಿ ಕೂತರು.

"ಅಮ್ಮ, ಇದನ್ನು ಹಂದಿಯ ಕರುಳಿನಿಂದ ತೆಗೆಯುವುದು."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಒಂದು ಸುಳ್ಳು ಹೇಳಿದ್ದರೆ ಯಾರಪ್ಪನ ಗಂಟು ಹೋಗುತ್ತಿತ್ತು? ಸೂರ್ಯ ಮುಳುಗಿದ ಮೇಲೆ ತುತ್ತು ಬಾಯಿಗಿಡದ, ನೆಲದಡಿ ಬೆಳೆದದ್ದನ್ನು ತಿನ್ನದ, ಇರುವೆ ಸಾಲು ಕಂಡರೆ ದಾಟಿ ಹೋಗುವ ಹೆಂಗಸಿಗೆ ಹೇಳುವ ಮಾತೇ ಇದು? ಅದೂ ಹಂದಿ! ಅತ್ತೆ ಜನ್ಮದಲ್ಲಿ ಬಾಯಿತುಂಬ ಬೈಯುವ ಪ್ರಾಣಿಯೆಂದರೆ ಅದೊಂದೇ. ಮನೆಯ ಹಿಂದಿನ ಬಾಳೆಯ ಬುಡವನ್ನು ಕಾಡುಹಂದಿ ಅಗೆದ ದಿನ ಅವರ ಬಾಯಿಂದ ಬರುವ ತುಳು ಬೈಗುಳ ಕೇಳಿ ಆಚೆಮನೆಯವರು ನಗುತ್ತಿದ್ದರು. ಇನ್ನು ಈ ಹೆಂಗಸು ಸೂಜಿ ಮುಟ್ಟಲು ಬಿಡುವುದಿಲ್ಲ, ನಾವು ಇವರನ್ನು ಉಳಿಸಿಕೊಳ್ಳುವುದಿಲ್ಲ ಎಂದೇ ನಾನು ತಿಳಿದೆ. ಬಾಗಿಲಲ್ಲಿ ನಿಂತಿದ್ದ ನನ್ನ ಗಂಡ ಒಳಗೆ ಬಂದು ಮಂಚದ ಪಕ್ಕ ನಿಂತರು.

ಅತ್ತೆ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. ಆಮೇಲೆ, "ಬೇರೆ ಇಲ್ವಾ?" ಎಂದರು.

"ಉಂಟಮ್ಮ. ಪ್ರಾಣಿಯಿಂದ ತೆಗೆಯದ, ಲ್ಯಾಬಿನಲ್ಲೇ ಮಾಡುವ ಮದ್ದು ಉಂಟು. ನಿಮ್ಮ ಕಿಡ್ನಿಯ ಪರೀಕ್ಷೆ ನೋಡಿದೆ, ಅದನ್ನು ಕೊಡಬಹುದು. ಆದರೆ ಈಗ ಇಲ್ಲಿ ಸ್ಟಾಕ್ ಇಲ್ಲ. ಇವತ್ತಿನದನ್ನು ತಪ್ಪಿಸ್ಲಿಕ್ಕೆ ಮಾತ್ರ ನಾನು ಒಪ್ಪುವುದಿಲ್ಲ."

ನನ್ನ ಗಂಡ ಫೋನ್ ಹಿಡಿದು ಹೊರಗೆ ಓಡಿದರು. ಮೂಡುಬಿದಿರೆಯ ಮೆಡಿಕಲ್ಲುಗಳಲ್ಲಿ ಇರಲಿಲ್ಲ. ಗುರುವಾಯನಕೆರೆಯ ನಾದಿನಿ ಅಲ್ಲಿ ವಿಚಾರಿಸಿದಳು, ಬಂಟ್ವಾಳದಲ್ಲಿದ್ದ ಅವಳ ಗಂಡ ಅಲ್ಲಿನ ಅಂಗಡಿಗಳನ್ನು ಸುತ್ತಿದರು. ಕೊನೆಗೆ ಸಿಕ್ಕಿದ್ದು ಮಂಗಳೂರಿನಲ್ಲಿ. ಬೆಳಿಗ್ಗೆಯ ಮೊದಲ ಬಸ್ಸಿನ ಕಂಡಕ್ಟರರ ಕೈಯಲ್ಲಿ ಕೊಟ್ಟು ಕಳಿಸುತ್ತೇವೆ ಎಂದು ಅಂಗಡಿಯವರು ಹೇಳಿದರು. ಅಂದರೆ ಆ ಸಂಜೆಗೆ ಇಲ್ಲ.

ಅತ್ತೆ ಡಾಕ್ಟರನ್ನೇ ನೋಡುತ್ತ ಕೇಳಿದರು: "ಇದಕ್ಕಾಗಿಯೇ ಅದನ್ನು ಕೊಲ್ತಾರಾ?"

"ಇಲ್ಲ. ಮಾಂಸಕ್ಕೆ ಕಡಿದದ್ದರ ಕರುಳಿನಿಂದ ತೆಗೀತಾರೆ. ಆದ್ರೆ ಅದರಿಂದ ಬಂದದ್ದು ಹೌದು, ಅದನ್ನು ಅಲ್ಲ ಅಂತ ನಾನು ಹೇಳುವುದಿಲ್ಲ."

ಅತ್ತೆ ಕಣ್ಣು ಮುಚ್ಚಿದರು. ದಿನವೂ ದೇವರೆದುರು ಕೂತು ಎಲ್ಲ ಜೀವಿಗಳಲ್ಲಿ ಕ್ಷಮೆ ಕೇಳುವ ಪ್ರಾರ್ಥನೆ ಅವರದ್ದೊಂದಿದೆ. ತುಟಿ ಆಡುತ್ತಿದ್ದುದನ್ನು ನೋಡಿ ಅದೇ ಎಂದು ನನಗೆ ಗೊತ್ತಾಯಿತು. ಮುಗಿಸಿ ಕಿಟಕಿಯ ಕಡೆ ನೋಡಿದರು. ಎದುರಿನ ಕಟ್ಟಡದ ಮೇಲೆ ಇನ್ನೂ ಬಿಸಿಲಿತ್ತು.

"ಕೊಡುವುದಾದ್ರೆ ಸೂರ್ಯ ಮುಳುಗುವ ಮೊದಲು ಕೊಟ್ಟುಬಿಡಿ," ಎಂದರು.

ನಾನು ಅಳುತ್ತಲೇ ನಕ್ಕೆ. ಡಾಕ್ಟರೂ ನಕ್ಕರು. ಬೆಳಿಗ್ಗೆಯದರ ಲೆಕ್ಕಕ್ಕೆ ಸ್ವಲ್ಪ ಮುಂಚೆಯಾದರೂ ತೊಂದರೆಯಿಲ್ಲ ಎಂದು ನರ್ಸಿಗೆ ತಲೆಯಾಡಿಸಿದರು.

ಮರುದಿನ ಬಸ್ಸಿನಲ್ಲಿ ಹೊಸ ಮದ್ದು ಬಂತು. ಇದು ದಿನಕ್ಕೆ ಒಂದೇ. ಆಸ್ಪತ್ರೆಯಿಂದ ಬಿಡುವ ಮೊದಲು ನರ್ಸ್ ನನ್ನನ್ನು ಕೂರಿಸಿ ಕಲಿಸಿದರು. ಕೈ ಸೋಪಿನಲ್ಲಿ ತೊಳೆಯಬೇಕು. ಹೊಕ್ಕುಳಿನಿಂದ ಎರಡು ಮೂರು ಬೆರಳು ದೂರದಲ್ಲಿ ಚರ್ಮವನ್ನು ಮೆತ್ತಗೆ ಹಿಡಿದೆತ್ತಿ ಸೂಜಿಯನ್ನು ನೇರವಾಗಿ ಪೂರ್ತಿ ಇಳಿಸಬೇಕು. ಮದ್ದು ಪೂರ್ತಿ ಹೋಗುವ ತನಕ ಹಿಡಿದ ಚರ್ಮವನ್ನು ಬಿಡಬಾರದು. ಸಿರಿಂಜಿನೊಳಗಿನ ಗಾಳಿಗುಳ್ಳೆಯನ್ನು ಹೊರಗೆ ಹಾಕಲು ಹೋಗಬಾರದು, ಹೋದರೆ ಮದ್ದೂ ಹೋಗುತ್ತದೆ. ಇವತ್ತು ಎಡಕ್ಕಾದರೆ ನಾಳೆ ಬಲಕ್ಕೆ. ಮುಖ್ಯವಾಗಿ, ಕೊಟ್ಟ ಜಾಗವನ್ನು ತಿಕ್ಕಬಾರದು. ಎಲ್ಲ ನೋವಿಗೂ ಎಣ್ಣೆ ಹಾಕಿ ತಿಕ್ಕುವುದೊಂದೇ ಗೊತ್ತಿದ್ದ ನನಗೆ ಈ ಕೊನೆಯದೇ ಕಷ್ಟವಾಯಿತು.

"ಮೆಣಸು ಅರೆದ ಕೈ ಮಾರಾಯ್ತಿ, ಮೆಲ್ಲ," ಎಂದು ಅತ್ತೆ ಮೊದಲ ದಿನ ಕಿಚಾಯಿಸಿದರು. ಅವರ ಹೊಟ್ಟೆ ನಗುವಿಗೆ ಕುಲುಕುತ್ತಿತ್ತು. "ನೀವು ನಗ್ತಾ ಇದ್ರೆ ನಾನು ಚುಚ್ಚುವುದೇ ಇಲ್ಲ" ಎಂದು ಗದರಿಸಿದ ಮೇಲೆ ಸುಮ್ಮನಾದರು. ಹೊಟ್ಟೆಯ ಮೇಲೆ ಅಲ್ಲಲ್ಲಿ ನೀಲಿ ಕಲೆ ಬಿತ್ತು. ಸಣ್ಣ ಕಲೆಗೆ ಹೆದರಬೇಡಿ, ದೊಡ್ಡದಾಗುತ್ತ ಹೋದರೆ ಬನ್ನಿ ಎಂದು ನರ್ಸ್ ಮೊದಲೇ ಹೇಳಿದ್ದರು. ಒಸಡಿನಲ್ಲಿ ರಕ್ತ, ಕಪ್ಪು ಮಲ, ಬಿದ್ದು ತಲೆಗೆ ಪೆಟ್ಟು, ಇವುಗಳಲ್ಲಿ ಒಂದಾದರೂ ಆಸ್ಪತ್ರೆಗೆ ಓಡಿ ಎಂದಿದ್ದರು. ಗುರುವಾಯನಕೆರೆಯಿಂದ ನೋಡಲು ಬಂದ ನಾದಿನಿ ಪ್ರೀತಿಯಿಂದ ನೋವಿನ ಮಾತ್ರೆ ತಂದಿದ್ದಳು. ಡಾಕ್ಟರನ್ನು ಕೇಳದೆ ಅದನ್ನು ಕೊಡುವಂತಿಲ್ಲ, ಹೊಟ್ಟೆಯೊಳಗೆ ರಕ್ತ ಸುರಿದೀತು ಎಂದು ನಾನು ಅದನ್ನು ಅವಳ ಚೀಲಕ್ಕೇ ಹಾಕಿ ಕಳಿಸಿದೆ. ಅವಳಿಗೆ ಸ್ವಲ್ಪ ಬೇಸರವಾಯಿತು. ಬಳಸಿದ ಸೂಜಿಗಳನ್ನು ದಪ್ಪ ಡಬ್ಬಿಯಲ್ಲಿ ತುಂಬಿಸಿ ಆಸ್ಪತ್ರೆಗೇ ಕೊಟ್ಟು ಬರುತ್ತಿದ್ದೆವು.

ಒಂದು ದಿನವೂ ಅತ್ತೆ ಇಂಜೆಕ್ಷನ್ ಬೇಡವೆನ್ನಲಿಲ್ಲ. ಮನೆಯಲ್ಲಿ ಯಾರೂ ಹೆದರಿ ಗುಟ್ಟು ಮಾಡಬೇಕಾಗಲಿಲ್ಲ. ಸುಳ್ಳು ಹೇಳಿದ್ದಿದ್ದರೆ ಯಾವತ್ತಾದರೂ ಯಾರ ಬಾಯಿಂದಾದರೂ ವಿಷಯ ಹೊರಬಿದ್ದು, ಅತ್ತೆ ಸೂಜಿಯನ್ನೂ ನನ್ನನ್ನೂ ದೂರ ಇಡುತ್ತಿದ್ದರು. ಆ ಹೆಣ್ಣುಮಗಳು ನನ್ನ ಕೈಸನ್ನೆಗೆ ಸೊಪ್ಪು ಹಾಕದಿದ್ದುದು ನನ್ನ ಪುಣ್ಯ. ಈಗ ಬೆಳಿಗ್ಗೆ ದೀಪ ಹಚ್ಚುವಾಗ ಆ ಡಾಕ್ಟರನ್ನು ನೆನೆಯದ ದಿನವಿಲ್ಲ.

ಮೂರು ತಿಂಗಳಾದ ಮೇಲೆ ಕಾಲು ಪರೀಕ್ಷಿಸಿ, ಇನ್ನು ಇಂಜೆಕ್ಷನ್ ಸಾಕು ಎಂದರು. ಅದಾಗಿ ವಾರವಿಲ್ಲ, ಬೆಳಿಗ್ಗೆ ಎದ್ದು ನೋಡಿದರೆ ಹಿತ್ತಿಲಿನ ಬಾಳೆಯ ಬುಡವನ್ನೆಲ್ಲ ಹಂದಿ ಬುಡಮೇಲು ಮಾಡಿ ಹೋಗಿತ್ತು. ನಾನೇ ನೆಟ್ಟ ಕಂದುಗಳು. ನನಗೆ ಬಂದ ಭಾಷೆಯಲ್ಲೆಲ್ಲ ಬೈಯಲು ಶುರುಮಾಡಿದೆ. ಕೋಲು ಊರಿಕೊಂಡು ಅತ್ತೆ ಹಿಂದೆ ಬಂದು ನಿಂತದ್ದು ಗೊತ್ತಾಗಲಿಲ್ಲ. ಈಗ ಇವರ ಸರದಿ ಎಂದುಕೊಂಡು ಬದಿಗೆ ಸರಿದೆ.

ಅವರು ಅಗೆದ ಮಣ್ಣನ್ನು ನೋಡಿದರು. ಕೋಲಿನ ತುದಿಯಿಂದ ಒಂದು ಕಂದನ್ನು ಎತ್ತಿ ನಿಲ್ಲಿಸಲು ನೋಡಿದರು.

"ಬೈಬೇಡ ಮಾರಾಯ್ತಿ," ಎಂದರು. "ಅದಕ್ಕೆ ಕೊಡ್ಲಿಕ್ಕೆ ನನ್ನ ಹತ್ರ ಬೇರೆ ಏನುಂಟು? ತಿಂದು ಹೋಗ್ಲಿ."